ನಮ್ಮ ಆಯಿಗೆ ನಿಜವಾಗಿ ಎಷ್ಟು ವಯಸ್ಸು? ಪುಣ್ಯಸ್ಮರಣೆ ಪುಸ್ತಕಕ್ಕೆ ಬೇಕಾಗಿದೆ

ಯಲಬುರ್ಗಾ ಮೊಮ್ಮಗ
ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಆಯಿ ತೀರಿಕೊಂಡಳು. ಅಪ್ಪನ ತಾಯಿ. ಮುಂದಿನ ತಿಂಗಳು ವರ್ಷದ ಪುಣ್ಯಸ್ಮರಣೆ. ಅವತ್ತು ಹಂಚೋಕೆ ಒಂದು ಸಣ್ಣ ಪುಸ್ತಕ ಮಾಡಿಸೋಣ ಅಂತ ಮನೆಯಲ್ಲಿ ಮಾತಾಗಿದೆ. ನಾಲ್ಕು ಫೋಟೊ, ಅವಳ ಕಥೆ, ಅವಳು ಹಾಡುತ್ತಿದ್ದ ಬೀಸುವ ಪದ ಒಂದೆರಡು. ಬರೆಯುವ ಕೆಲಸ ನನಗೆ ಗಂಟು ಬಿದ್ದಿದೆ.

ಮೊದಲನೇ ಸಾಲಿಗೇ ನಿಂತುಬಿಟ್ಟಿದ್ದೇನೆ. ಅವಳು ಹುಟ್ಟಿದ್ದು ಯಾವಾಗ?

ದೊಡ್ಡಪ್ಪ "ಶತಾಯುಷಿ" ಅಂತ ದೊಡ್ಡ ಅಕ್ಷರದಲ್ಲಿ ಫ್ಲೆಕ್ಸ್ ಡಿಸೈನ್ ಮಾಡಿಸಿಬಿಟ್ಟಿದ್ದಾರೆ. ಆಧಾರ್ ಪ್ರಕಾರ 01-01-1931, ಅಂದರೆ 93. ವೋಟರ್ ಕಾರ್ಡಿನಲ್ಲಿ ಇನ್ನೊಂದು ಲೆಕ್ಕ. ಕೇಳಿದರೆ ದೊಡ್ಡಪ್ಪ ಎರಡು ಸಾಕ್ಷಿ ಕೊಡುತ್ತಾರೆ. ಒಂದು, ಆಯಿ ದೇಶದ ಮೊದಲನೇ ಎಲೆಕ್ಷನ್ನಿಗೆ ವೋಟು ಹಾಕಿದ್ದಳು. ಎರಡು, ರಜಾಕಾರರ (ಹೈದರಾಬಾದ್ ನಿಜಾಮನ ಪರ ಇದ್ದ ಖಾಸಗಿ ದಂಡು) ಗಲಾಟೆಯಲ್ಲಿ ಬಗಲಲ್ಲಿ ಕೂಸು ಎತ್ತಿಕೊಂಡು ರಾತ್ರೋರಾತ್ರಿ ಗಜೇಂದ್ರಗಡಕ್ಕೆ ಹೋಗಿದ್ದಳು. ಎರಡನೇದು ಆಯಿ ಬಾಯಿಂದ ನಾನೇ ಕೇಳಿದ್ದೇನೆ. "ಬಗಲಾಗ ಕೂಸಿತ್ತು, ಅಳಬಾರದಂತ ಬಾಯಿಗೆ ಸೆರಗು ತುರುಕಿದ್ದೆ" ಅನ್ನುತ್ತಿದ್ದಳು.

ದೊಡ್ಡಪ್ಪನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ 1-6-1956 ಇದೆ. ಅವರೇ ಹಿರಿಯ ಮಗ. ನನಗೆ ಲೆಕ್ಕ ಕೂಡುತ್ತಿಲ್ಲ. ನಮ್ಮ ಭಾಗದ ಹಳಬರ ವಯಸ್ಸು ಹುಡುಕೋದು ಹೇಗೆ ಅಂತ ಗೊತ್ತಿದ್ದವರು ಹೇಳಿ.

ರಾಯಚೂರು ರೊಟ್ಟಿ
ಜೂನ್ 1! ನಮ್ಮ ಮನೆಯಲ್ಲಿ ಅಪ್ಪ, ಇಬ್ಬರು ಕಾಕಾ, ಮಾವ ಎಲ್ಲರೂ ಜೂನ್ 1ಕ್ಕೇ ಹುಟ್ಟಿದ್ದಾರೆ 😄 ಸಾಲಿ ಮಾಸ್ತರರು ಹಡೆದ ಮಕ್ಕಳು.

ಬಳ್ಳಾರಿ ಬಿಸಿಲು
ನೂರು ಅಂತಾನೇ ಹಾಕಿಸಿಬಿಡಿ ಸರ್. ಯಾರು ಕೇಳ್ತಾರೆ? ಮುದುಕಿ ಖುಷಿಯಾಗಿ ಬಾಳಿ ಹೋಗಿದ್ದಾರೆ, ಮಗನಿಗೆ ಅದೊಂದು ಹೆಮ್ಮೆ. ಸುಮ್ನೆ ಯಾಕೆ ಕೆದಕೋದು?

ಮಾಸ್ತರ್ ಕುಷ್ಟಗಿ
@ಬಳ್ಳಾರಿ ಬಿಸಿಲು, ಕೆದಕಬೇಕು. ಪುಸ್ತಕ ಅಂತ ಅಚ್ಚು ಹಾಕಿಸಿದ ಮೇಲೆ ಮರಿಮಕ್ಕಳು ಅದನ್ನೇ ನಿಜ ಅಂತ ಹಿಡೀತಾರೆ.

ಯಲಬುರ್ಗಾ ತಮ್ಮಾ, ಆಧಾರ್ ಪಕ್ಕಕ್ಕಿಡು. ದಾಖಲೆ ಇಲ್ಲದೆ ಬಾಯಲ್ಲಿ ವಯಸ್ಸು ಹೇಳಿದವರಿಗೆಲ್ಲ ಜನವರಿ 1 ಬೀಳುತ್ತದೆ. ಅದು ಹುಟ್ಟಿದ ದಿನ ಅಲ್ಲ, ಕಂಪ್ಯೂಟರಿಗೆ ಖಾಲಿ ಬಿಡೋಕೆ ಬರಲ್ಲ ಅಂತ ತುಂಬಿದ್ದು. ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದೇ 1969ರಲ್ಲಿ. ನಮ್ಮ ಕಡೆ ಅದಕ್ಕೂ ಮೊದಲಿನವರ ಹುಟ್ಟನ್ನ ಹಳ್ಳಿಯಲ್ಲಿ ಯಾರು ಬರೆದಿಡುತ್ತಿದ್ದರು?

ಹಳಬರ ವಯಸ್ಸನ್ನ ಘಟನೆ ಹಿಡಿದು ಲೆಕ್ಕ ಹಾಕಬೇಕು. ಪೊಲೀಸ್ ಆಕ್ಷನ್, ಅಂದರೆ ಭಾರತದ ಸೈನ್ಯ ನಿಜಾಮನ ರಾಜ್ಯಕ್ಕೆ ನುಗ್ಗಿದ್ದು, ಶುರುವಾಗಿದ್ದು 1948ರ ಸೆಪ್ಟೆಂಬರ್ 13. ನಿಜಾಮ ಸೋಲೊಪ್ಪಿದ್ದು 17ಕ್ಕೆ. ರಜಾಕಾರರ ಕಾಟ ಜಾಸ್ತಿ ಇದ್ದದ್ದು ಅದಕ್ಕೆ ಹಿಂದಿನ ಒಂದು ವರ್ಷ. ಆಗ ಆಯಿಗೆ ಮದುವೆ ಆಗಿತ್ತಾ, ಗಂಡನ ಮನೆಯಿಂದ ಹೋದಳಾ ತವರಿನಿಂದ ಹೋದಳಾ? ತುಂಗಭದ್ರಾ ಡ್ಯಾಮಿಗೆ ನೀರು ನಿಲ್ಲಿಸಿದ್ದು 1953. ಆಗ ಎಷ್ಟು ಮಕ್ಕಳು? ಹೀಗೆ ಒಂದೊಂದೇ ಕೇಳುತ್ತಾ ಬಾ.

ಬಳ್ಳಾರಿ ಬಿಸಿಲು
ಮಾಸ್ತರ್, ನಮ್ಮ ಕಡೆ ಈ ರಜಾಕಾರರ ಲೆಕ್ಕ ನಡೆಯಲ್ಲ. ನಾವು ಆಗ ಮದ್ರಾಸ್ ಪ್ರಾಂತ್ಯದವರು. ನಮ್ಮಜ್ಜಿ ಕಂಪ್ಲಿ. ನಿಜಾಮನ ಕಡೆಯಿಂದ ಜನ ಹರಿಗೋಲಿನಲ್ಲಿ ಹೊಳೆ ದಾಟಿ ಬರುತ್ತಿದ್ದರು, ಪಾತ್ರೆಪಗಡ, ಕೋಳಿ ಸಮೇತ, ಅಂತ ಹೇಳುತ್ತಿದ್ದಳು. ನಮ್ಮವರು ನಿಂತು ನೋಡಿದವರು ಅಷ್ಟೇ.

ಲಿಂಗಸುಗೂರು ಅಕ್ಕ
ನಿಂತು ನೋಡಿದ್ದು ಮಾತ್ರ ಅಲ್ಲ ತಮ್ಮಾ, ಉಣ್ಣೋಕೆ ಹಾಕಿ, ಇರೋಕೆ ಜಾಗ ಕೊಟ್ಟವರೂ ನಿಮ್ಮವರೇ. ನಮ್ಮ ಮನೆಯ ಹಿರಿಯರು ಈಗಲೂ ನೆನೆಸುತ್ತಾರೆ.

ಬೆಂಗಳೂರಾಗ ಕೊಪ್ಪಳದವ
ಬಳ್ಳಾರಿ 1953ರ ಅಕ್ಟೋಬರ್ 1ಕ್ಕೆ ಮೈಸೂರಿಗೆ ಸೇರಿತು. ರಾಯಚೂರು ಜಿಲ್ಲೆ 1956ರ ನವೆಂಬರ್ 1ಕ್ಕೆ. ನಮ್ಮ ಕೊಪ್ಪಳ ರಾಯಚೂರು ಬಿಟ್ಟು ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ನಮ್ಮ ಆಯಂದಿರು ಮನೆ ಬಿಟ್ಟು ಕದಲದೆ ಎಷ್ಟು ಸರ್ಕಾರ ನೋಡಿದರು ನೋಡಿ.

ನಿಜಾಮನ ವಿರುದ್ಧ ಹೋರಾಡುವವರು ಸೇರುತ್ತಿದ್ದ ಮುಂಡರಗಿ ಕ್ಯಾಂಪಿನ ಬಗ್ಗೆ ಏನಾದರೂ ಹೇಳುತ್ತಿದ್ದರಾ? ಅಳವಂಡಿ ಶಿವಮೂರ್ತಿ ಸ್ವಾಮಿಗಳ ಕ್ಯಾಂಪು ಅಲ್ಲೇ ಇದ್ದದ್ದು. ನಮ್ಮ ಮುತ್ಯಾ ಅಲ್ಲಿ ಇದ್ದ.

ಹುಲಿಗಿ ಭಕ್ತ
ಎಲ್ಲರ ಮುತ್ಯಾನೂ ಕ್ಯಾಂಪಿನಲ್ಲೇ ಇದ್ದ. ಊರಲ್ಲಿ ಯಾರಿದ್ದರು ಹಾಗಾದರೆ?

ಬೆಂಗಳೂರಾಗ ಕೊಪ್ಪಳದವ
ನಿಮ್ಮ ಮುತ್ಯಾ 😄

ಯಲಬುರ್ಗಾ ಮೊಮ್ಮಗ
ಮಾಸ್ತರೇ, ತವರಿನಿಂದಲೋ ಗಂಡನ ಮನೆಯಿಂದಲೋ ಅಂತ ನಾನು ಕೇಳಿಯೇ ಇರಲಿಲ್ಲ. ದೊಡ್ಡಪ್ಪನಿಗೆ ಫೋನ್ ಮಾಡಿದೆ. "ಗಂಡನ ಮನಿಯಿಂದನ ಹೋಗಿರ್ತಾಳ, ಕೂಸು ಇತ್ತಂದ ಮ್ಯಾಲೆ" ಅಂದರು. ಹಾಗಾದರೆ ಆ ಕೂಸು ಯಾರು ಅಂದೆ. ನೀವಂತೂ ಅಲ್ಲ, ನೀವು ಹುಟ್ಟಿದ್ದು ಎಂಟು ವರ್ಷ ಆದಮೇಲೆ. "ನನಗಿಂತ ಮೊದಲು ಹುಟ್ಟಿದ್ದು ಉಳೀಲಿಲ್ಲ" ಅಂದರು. ಇದು ನನಗೆ ಹೊಸ ವಿಷಯ. ಆಯಿ ಯಾವತ್ತೂ ಬಾಯಿ ಬಿಟ್ಟಿರಲಿಲ್ಲ.

ಕೌದಿ ಮನಿ
ಅಯ್ಯೋ. ಆಗಿನ ಹೆಣ್ಣುಮಕ್ಕಳು ಅದನ್ನ ಹೇಳುತ್ತಲೇ ಇರಲಿಲ್ಲ ಅಣ್ಣಾ. ನಮ್ಮ ಆಯಿ "ಎಷ್ಟು ಮಕ್ಕಳು" ಅಂದರೆ ಆರು ಅಂತಿದ್ದಳು. ಹಡೆದದ್ದು ಒಂಬತ್ತು.

ಸಿಂಧನೂರು ಕ್ಯಾಂಪ್
ಎಲೆಕ್ಷನ್ ಸಾಕ್ಷಿ ಗಟ್ಟಿ ಇದೆಯಲ್ಲ? ಮೊದಲನೇ ಚುನಾವಣೆ ನಡೆದದ್ದು 1951-52ರಲ್ಲಿ. ಆಗ ವೋಟಿಗೆ 21 ತುಂಬಿರಬೇಕಿತ್ತು. 18 ಆಗಿದ್ದು 1989ರಲ್ಲಿ. ಅಂದರೆ ನಿಮ್ಮ ಆಯಿ 1931ಕ್ಕಿಂತ ಈಚೆಗೆ ಹುಟ್ಟಿರಲು ಸಾಧ್ಯವಿಲ್ಲ. ಆಧಾರೇ ಸರಿ ಇರಬಹುದು. ಮೊದಲನೇ ಎಲೆಕ್ಷನ್ ಅಂತ ಹೇಗೆ ಗೊತ್ತು?

ಯಲಬುರ್ಗಾ ಮೊಮ್ಮಗ
ಡಬ್ಬಿಗಳ ಕಥೆ ಹೇಳುತ್ತಿದ್ದಳು. ಒಳಗೆ ಸಾಲಾಗಿ ಡಬ್ಬಿ ಇಟ್ಟಿದ್ದರಂತೆ, ಒಂದೊಂದರ ಮೇಲೂ ಒಂದೊಂದು ಚಿತ್ರ. ಕೈಯಲ್ಲಿ ಚೀಟಿ ಕೊಟ್ಟು ಬೇಕಾದ ಡಬ್ಬಿಗೆ ಹಾಕು ಅಂದರಂತೆ. ಇವಳು ಯಾವ ಡಬ್ಬಿಗೂ ಬೇಜಾರಾಗಬಾರದು ಅಂತ ಚೀಟಿಯನ್ನೇ ಹರಿದು ಹಂಚೋಕೆ ಹೋಗಿ ಅಧಿಕಾರಿ ಬೈದರಂತೆ. ದೊಡ್ಡಪ್ಪ ಓದಿಕೊಂಡವರು. ಡಬ್ಬಿ ಇದ್ದದ್ದು 52ರಲ್ಲಿ ಅಂತ ಹೇಳುತ್ತಾರೆ.

ಮಾಸ್ತರ್ ಕುಷ್ಟಗಿ
ಇಲ್ಲೇ ಎಡವಟ್ಟು. ಒಬ್ಬೊಬ್ಬ ಅಭ್ಯರ್ಥಿಗೆ ಒಂದೊಂದು ಡಬ್ಬಿ ಇಡುವ ಪದ್ಧತಿ 1952ರಲ್ಲೂ ಇತ್ತು, 1957ರಲ್ಲೂ ಇತ್ತು. ಹೆಸರು, ಚಿಹ್ನೆ ಎಲ್ಲ ಒಂದೇ ಹಾಳೆಯಲ್ಲಿ ಬಂದು ಗುರುತು ಹಾಕುವ ಪದ್ಧತಿ ಎಲ್ಲ ಕಡೆ ಬಂದದ್ದು ಅದರ ಮುಂದಿನ ಚುನಾವಣೆಗೆ. ಹಾಗಾಗಿ ಡಬ್ಬಿ ನೋಡಿದಳು ಅಂದಮಾತ್ರಕ್ಕೆ 52 ಅಂತ ಹೇಳೋಕೆ ಬರಲ್ಲ. 57 ಇದ್ದರೂ ಇರಬಹುದು.

ಸಿಂಧನೂರು ಕ್ಯಾಂಪ್
ಸರಿ ಮಾಸ್ತರ್. ಆದರೂ 57ಕ್ಕೆ 21 ಅಂದರೆ 1936ರ ಒಳಗೆ.

ಮಾಸ್ತರ್ ಕುಷ್ಟಗಿ
ಪಟ್ಟಿ ಬರೆಯುವಾಗ ಹೆಣ್ಣುಮಕ್ಕಳ ವಯಸ್ಸು ಯಾರು ಕೇಳಿದರು? ಮನೆ ಯಜಮಾನ ಹೇಳಿದ್ದೇ ವಯಸ್ಸು. ಮದುವೆಯಾಗಿದ್ದರೆ 21 ಅಂತ ಬರೆದುಕೊಂಡು ಹೋದರು. ಒಂದೆರಡು ವರ್ಷ ಆಚೀಚೆ ಬಿಟ್ಟುಕೊಡಬೇಕು.

ಗಂಗಾವತಿ ಗದ್ದೆ
ಸಿಂಧನೂರು ಕ್ಯಾಂಪ್ ಅವರೇ, ನಿಮ್ಮ ಅಜ್ಜಿಯರ ಕಥೆ ಹೇಳಿ. ಅದೂ ಬೇಕು ನಮಗೆ.

ಸಿಂಧನೂರು ಕ್ಯಾಂಪ್
ನಮ್ಮ ನಾನಮ್ಮ ಗುಂಟೂರು ಕಡೆಯವಳು. ಕಾಲುವೆ ನೀರು ಬಂದಮೇಲೆ ಅಲ್ಲಿ ಇದ್ದದ್ದು ಮಾರಿ ಇಲ್ಲಿ ಭೂಮಿ ಹಿಡಿದರು. ಬಂದಾಗ ಬರೀ ಜಾಲಿ ಮುಳ್ಳು, ಕರಿಮಣ್ಣು. ಮಳೆ ಬಂದರೆ ಗಾಡಿ ಅಲ್ಲಾಡುತ್ತಿರಲಿಲ್ಲವಂತೆ. ಪಕ್ಕದ ಊರಿನವರು ಜೋಳದ ರೊಟ್ಟಿ ಬಡಿಯೋದು ಕಲಿಸಿದರು, ಇವಳು ಅವರಿಗೆ ಆವಕಾಯಿ ಹಾಕೋದು ಕಲಿಸಿದಳು. ಸಾಯುವವರೆಗೂ ಕನ್ನಡ ತೆಲುಗು ಬೆರೆಸಿಯೇ ಬೈಯುತ್ತಿದ್ದಳು. ನನಗೆ ಶುದ್ಧವಾಗಿ ಬೈಯೋಕೆ ಎರಡೂ ಭಾಷೆಯಲ್ಲಿ ಬರಲ್ಲ.

ರಾಯಚೂರು ರೊಟ್ಟಿ
ಶೇಂಗಾ ಹಿಂಡಿಗೆ ಆವಕಾಯಿ ಎಣ್ಣೆ ಕಲಸಿ ತಿಂದಿದ್ದೀರಾ ಯಾರಾದರೂ? ಸ್ವರ್ಗ.

ಹಳೇ ಕಾಗದ
ಈ ಕಡೆ ಸ್ವಲ್ಪ ಬನ್ನಿ. ಮನೆಯಲ್ಲಿ ಹಳೇ ಜಮೀನಿನ ಕಾಗದ ಏನಾದರೂ ಇದೆಯಾ? ಉರ್ದುವಿನಲ್ಲಿ ಇರುತ್ತದೆ, ಓದೋಕೆ ಬರಲ್ಲ ಅಂತ ಜನ ಟ್ರಂಕಿನ ತಳಕ್ಕೆ ಹಾಕಿರುತ್ತಾರೆ. ನಾನು ಉರ್ದು ಓದುತ್ತೇನೆ. ನಿಜಾಮನ ಕಾಲದ ಕಾಗದದಲ್ಲಿ ಇಸವಿ ಫಸಲಿ ಲೆಕ್ಕದಲ್ಲಿ ಇರುತ್ತದೆ. ಅದಕ್ಕೆ 590 ಸೇರಿಸಿದರೆ ನಮ್ಮ ಇಸವಿ ಸಿಗುತ್ತದೆ. ತಿಂಗಳ ಹೆಸರು ಆಜೂರ್, ದೈ, ಬಹಮನ್ ಅಂತ ಬರುತ್ತವೆ, ಗಾಬರಿಯಾಗಬೇಡಿ. ಫೋಟೊ ಹಾಕುವಾಗ ಸರ್ವೇ ನಂಬರು, ಹೆಸರು ಮುಚ್ಚಿ ಹಾಕಿ.

ಯಲಬುರ್ಗಾ ಮೊಮ್ಮಗ
ಟ್ರಂಕು ಇದೆ. ಆಯಿಯದೇ. ಕೀಲಿ ಸದಾ ಅವಳ ಸೊಂಟದಲ್ಲೇ ಇರುತ್ತಿತ್ತು. ಈಗ ದೊಡ್ಡವ್ವನ ಹತ್ತಿರ ಇದೆ. ಭಾನುವಾರ ಊರಿಗೆ ಹೋಗಿ ತೆಗೆಸುತ್ತೇನೆ.

ಆಯಿ ಮೊಮ್ಮಗಳು
ಅಣ್ಣಾ, ನಾನು. ಸಣ್ಣತ್ತಿ ಮಗಳು. ಓದುತ್ತಾ ಓದುತ್ತಾ ಇದು ನಮ್ಮ ಆಯಿ ಕಥೆಯೇ ಅಂತ ಗೊತ್ತಾಯಿತು. ನನಗೆ ಯಾಕೆ ಹೇಳಲಿಲ್ಲ? ಪುಸ್ತಕ ಬರೆಯೋದು ಬರೀ ಗಂಡುಮಕ್ಕಳ ಮನೆಯವರಾ?

ಯಲಬುರ್ಗಾ ಮೊಮ್ಮಗ
ತಂಗೀ, ಹಾಗೇನಿಲ್ಲ. ಮನೆ ಗ್ರೂಪಿನಲ್ಲಿ ಹಾಕಿದ್ದೆನಲ್ಲ.

ಆಯಿ ಮೊಮ್ಮಗಳು
ಆ ಗ್ರೂಪಿನಲ್ಲಿ ದಿನಾ ಗುಡ್ ಮಾರ್ನಿಂಗ್ ಹೂವು ಬರುತ್ತವೆ ಅಂತ ಮ್ಯೂಟ್ ಮಾಡಿದ್ದೇನೆ.

ಒಂದು ಮಾತು ಕೇಳು. ವಯಸ್ಸಿನ ಲೆಕ್ಕಕ್ಕೆ ದೊಡ್ಡ ಮಾಮಾನನ್ನ ಕೇಳಿದರೆ ಏನು ಸಿಗುತ್ತದೆ? ಆಯಿ ತಂಗಿ ಸಣ್ಣಾಯಿ ಹನುಮಸಾಗರದ ಕಡೆ ತವರೂರಲ್ಲೇ ಇದ್ದಾಳಲ್ಲ, ಕಿವಿ ಸ್ವಲ್ಪ ಮಂದ, ತಲೆ ಚುರುಕು. ಅವಳನ್ನ ಯಾರೂ ಕೇಳಿಲ್ಲ. ನಾನು ನಾಳೆ ಫೋನ್ ಹಚ್ಚುತ್ತೇನೆ.

ಮಾಸ್ತರ್ ಕುಷ್ಟಗಿ
ಶಹಬ್ಬಾಸ್. ಮೊದಲು ಅವರನ್ನೇ ಕೇಳಬೇಕಿತ್ತು. ಮಾತನ್ನ ರೆಕಾರ್ಡ್ ಮಾಡಿಕೊಳ್ಳಮ್ಮಾ.

ಮುನಿರಾಬಾದ್ ಗೇಟ್
ಹೋದ ವರ್ಷ ಶ್ರಾವಣ ಅಂದಿರಿ. ನಮ್ಮ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋದದ್ದೂ ಆಗಲೇ, 2024ರ ಆಗಸ್ಟ್ 10ರ ರಾತ್ರಿ. ಮುಂದೆ ನಿಮ್ಮ ಮೊಮ್ಮಕ್ಕಳು "ಗೇಟು ಹರಿದ ವರ್ಷ ಹೋದಳು" ಅಂತಲೇ ಲೆಕ್ಕ ಹಾಕುತ್ತಾರೆ ನೋಡಿ.

ಯಲಬುರ್ಗಾ ಮೊಮ್ಮಗ
ಆ ವಾರವೇ ಹೋದಳು ಸರ್. ಮಣ್ಣಿಗೆ ಬಂದವರು ಅರ್ಧ ಜನ ಅವಳ ಬಗ್ಗೆ, ಅರ್ಧ ಜನ ಗೇಟಿನ ಬಗ್ಗೆ ಮಾತಾಡುತ್ತಿದ್ದರು.

ಗಂಗಾವತಿ ಗದ್ದೆ
ಮಾತಾಡದೆ ಏನು ಮಾಡೋದು. ಎರಡನೇ ಬೆಳೆಯ ಚಿಂತೆ ನಮಗೆ. 33 ಗೇಟಿನಲ್ಲಿ ಒಂದು ಹೋದರೆ ಇಷ್ಟು ಗೋಳು. ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ (ನೀರು ತಡೆಯುವ ಹಲಗೆ) ಇಳಿಸಿದವರಿಗೆ ಕೈ ಮುಗೀಬೇಕು.

ಹುಲಿಗಿ ಭಕ್ತ
ಡ್ಯಾಮಿನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ ಪುಣ್ಯಾತ್ಮರೇ, ಇಲ್ಲಿ ಆಯಿ ವಯಸ್ಸು ನಡೀತಿದೆ.

ಆಯಿ ಮೊಮ್ಮಗಳು
ಫೋನ್ ಆಯಿತು. ಕೂತು ಓದಿ ಎಲ್ಲರೂ.

ಸಣ್ಣಾಯಿಗೆ ಮೊದಲು ರಜಾಕಾರರ ಗಲಾಟೆ ನೆನಪಿದೆಯಾ ಅಂತ ಕೇಳಿದೆ. "ನೆನಪಿಲ್ದ ಏನ. ಗಾಡಿ ಗಾಲಿಗೆ ಸಪ್ಪಳಾಗಬಾರದಂತ ಅಪ್ಪ ಚಿಂದಿ ಅರಿವಿ ಸುತ್ತಿದ್ದ. ನಾನು, ಅಕ್ಕ, ಅವ್ವ, ತಮ್ಮ ಗಾಡ್ಯಾಗ. ಅಪ್ಪ ನಡಕೋಂತ ಬಂದ" ಅಂದಳು. ಅಕ್ಕನ ಬಗಲಲ್ಲಿ ಕೂಸು ಇತ್ತಂತಲ್ಲ ಅಂದೆ. "ಹೂಂ ಮತ್ತ. ತಮ್ಮನ್ನ ಅಕಿನ ಎತ್ಕೊಂಡಿದ್ದಳು. ಅವ್ವಗ ಜ್ವರ ಬಂದಿದ್ವು."

ಕೂಸು ಆಯಿಯದಲ್ಲ. ತಮ್ಮ! ಆಯಿಗೆ ಆಗ ಮದುವೆಯೇ ಆಗಿರಲಿಲ್ಲ. ಆ ಕೂಸೇ ಮುಂದೆ ಮಾಸ್ತರ್ ಆದ ನಮ್ಮ ಸೋದರಜ್ಜ. ದೊಡ್ಡ ಮಾಮಾ ಕೂಸು ಅಂತ ಕೇಳಿದ ಕೂಡಲೇ ಆಯಿಯನ್ನ ತಾಯಿ ಮಾಡಿಬಿಟ್ಟಿದ್ದಾನೆ.

ಇನ್ನೂ ಇದೆ. "ನಾ ಬಹುಧಾನ್ಯದಾಗ ಹುಟ್ಟಿದಾಕಿ, ಅಕ್ಕ ನನಗಿಂತ ಎರಡು ವರ್ಷಕ್ಕ ದೊಡ್ಡಾಕಿ" ಅಂದಳು. ಇಸವಿ ಕೇಳಿದರೆ ಅದೆಲ್ಲ ನನಗೆ ಗೊತ್ತಿಲ್ಲ ಅಂತ ಫೋನ್ ಇಟ್ಟುಬಿಟ್ಟಳು.

ಮಾಸ್ತರ್ ಕುಷ್ಟಗಿ
ಬಹುಧಾನ್ಯ ಸಂವತ್ಸರ ಅಂದರೆ 1938-39. ಎರಡು ವರ್ಷ ಹಿಂದೆ ಹೋದರೆ ಧಾತು, 1936-37. ಗಲಾಟೆಯಲ್ಲಿ ಹನ್ನೊಂದು ಹನ್ನೆರಡರ ಹುಡುಗಿ. ತಮ್ಮನನ್ನ ಎತ್ತಿಕೊಂಡು ಹೊರಟವಳು. ಈಗ ಕೂಡುತ್ತಿದೆ.

ಬಳ್ಳಾರಿ ಬಿಸಿಲು
ಧಾತು ಅಂದರೆ ಆ ದೊಡ್ಡ ಬರದ ವರ್ಷ ಅಲ್ವಾ?

ಮಾಸ್ತರ್ ಕುಷ್ಟಗಿ
ಧಾತು ಈಶ್ವರ ಬರ 1876-78ರದ್ದು. ಅದು ಹಿಂದಿನ ಸುತ್ತು. ಸಂವತ್ಸರ 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆ ಸುತ್ತಿನಲ್ಲಿ ಹುಟ್ಟಿದ್ದರೆ ಆಯಿಗೆ ನೂರಲ್ಲ, ನೂರ ನಲವತ್ತೆಂಟು ಆಗುತ್ತಿತ್ತು.

ರಾಯಚೂರು ರೊಟ್ಟಿ
ದೊಡ್ಡಪ್ಪನಿಗೆ ಹೇಳಬೇಡಿ, ಫ್ಲೆಕ್ಸ್ ತಿದ್ದಿಸಿಬಿಟ್ಟಾರು 😄

ಲಿಂಗಸುಗೂರು ಅಕ್ಕ
ಒಂದು ಮಾತು. ಅಕ್ಕ ಎರಡು ವರ್ಷ ದೊಡ್ಡವಳು ಅನ್ನೋದು ಮೂರೂ ಇರಬಹುದು, ನಾಲ್ಕೂ ಇರಬಹುದು. ನಮ್ಮ ಕಡೆ ಎರಡು ವರ್ಷ ಅಂದರೆ ನಡುವೆ ಬೇರೆ ಕೂಸು ಇಲ್ಲ ಅಂತ ಅಷ್ಟೇ ಅರ್ಥ. ಕಾಗದ ಬರಲಿ.

ಯಲಬುರ್ಗಾ ಮೊಮ್ಮಗ
ಊರಿಗೆ ಹೋಗಿ ಬಂದೆ. ಟ್ರಂಕಿನಲ್ಲಿ ಏನೇನಿತ್ತು ಅಂದರೆ, ಮೇಲೆ ಒಂದು ಇಳಕಲ್ ಸೀರೆ, ಸೆರಗು ಪಿಸಿದದ್ದು. ಅದರ ಕೆಳಗೆ ಹಾಲಿ ಸಿಕ್ಕಾ ದುಡ್ಡು ಒಂದು ಮುಷ್ಟಿ, ಅರಿವೆಯಲ್ಲಿ ಗಂಟು ಕಟ್ಟಿ. ಪಿಂಚಣಿ ಪುಸ್ತಕ. ದೊಡ್ಡಪ್ಪನ ಕಾಲೇಜಿನ ಫೀ ರಸೀದಿ. ತಳದಲ್ಲಿ ಉರ್ದು ಕಾಗದ ಎರಡು. ಹೆಸರು ಮುಚ್ಚಿ ಫೋಟೊ ಹಾಕಿದ್ದೇನೆ, ಹಳೇ ಕಾಗದ ಅವರೇ ನೋಡಿ.

ದೊಡ್ಡವ್ವ ಕೌದಿಗಳನ್ನೂ ತೆಗೆದಳು. ಒಬ್ಬೊಬ್ಬ ಮೊಮ್ಮಕ್ಕಳಿಗೆ ಒಂದೊಂದು ಹೊಲಿದಿದ್ದಳಲ್ಲ, ನನ್ನದು ಅಲ್ಲೇ ಉಳಿದಿತ್ತು. ಹಗಲು ಬೆಳಕಿನಲ್ಲಿ ಮೊದಲ ಸಲ ಸರಿಯಾಗಿ ನೋಡಿದೆ. ನಡುವೆ ಮುತ್ಯಾನ ಧೋತರದ ಬಿಳಿ ತುಂಡು, ಸುತ್ತ ಅಪ್ಪನ ಖಾಕಿ ಚಡ್ಡಿಯದ್ದು, ಅಂಚಿಗೆ ಅತ್ತಿಯರ ಪರಕಾರದ ಹೂವಿನ ಅರಿವೆ. ಮೂಲೆಗೆ ಮಾತ್ರ ಹೊಲಿಗೆ ಡೊಂಕು, ದಾರದ ಬಣ್ಣವೂ ಬೇರೆ. ಕಣ್ಣು ಮಂಜಾದ ಮೇಲೆ ಹೊಲಿದದ್ದು ಅದು, ದಾರ ಪೋಣಿಸಿ ಕೊಡೋಕೆ ಯಾರೂ ಇಲ್ಲದಾಗ ಸಿಕ್ಕ ಸೂಜಿಯಲ್ಲಿ ಇದ್ದ ದಾರದಲ್ಲೇ ಮುಗಿಸಿದಳು ಅಂತ ದೊಡ್ಡವ್ವ ಹೇಳಿದಳು.

ಕೌದಿ ಮನಿ
ಆ ಮೂಲೆಯ ಫೋಟೊ ಪುಸ್ತಕಕ್ಕೆ ಹಾಕಿ ಅಣ್ಣಾ. ಮತ್ತೆ ಕೌದಿಯನ್ನ ಯಾವ ಕಾರಣಕ್ಕೂ ಮಷೀನಿಗೆ ಹಾಕಬೇಡಿ.

ಹಳೇ ಕಾಗದ
ನೋಡಿದೆ. ಒಂದು ಭೂಕಂದಾಯದ ರಸೀದಿ, ಅದರಲ್ಲಿ ಏನೂ ವಿಶೇಷ ಇಲ್ಲ. ಇನ್ನೊಂದು ಬಂಗಾರದಂಥದ್ದು. ತಂದೆ ಮಗಳ ಮದುವೆಗೆ ಅರಿಷಿಣ ಕುಂಕುಮಕ್ಕೆ ಅಂತ ಹೊಲ ಬರೆದುಕೊಟ್ಟಿದ್ದು. ಇಸವಿ 1361 ಫಸಲಿ. 590 ಸೇರಿಸಿ. 1951-52.

ಮದುವೆ ಆ ವರ್ಷವೇ ಆಗಿದೆ. ಧಾತು ಸಂವತ್ಸರದ ಹುಡುಗಿ ಅಂದರೆ ಹದಿನೈದು ಹದಿನಾರು. ಆ ಕಾಲಕ್ಕೆ ಸರಿಯಾದ ವಯಸ್ಸೇ. ನಿಮ್ಮ ದೊಡ್ಡಪ್ಪ ಹೇಳೋ ಹಾಗೆ 1924ರಲ್ಲಿ ಹುಟ್ಟಿದ್ದರೆ ಇಪ್ಪತ್ತೇಳಕ್ಕೆ ಮದುವೆ. ನಮ್ಮ ಕಡೆ ಆಗ ಇಪ್ಪತ್ತೇಳಕ್ಕೆ ಹೆಣ್ಣುಮಕ್ಕಳು ಅತ್ತೆಯಾಗುವ ತಯಾರಿಯಲ್ಲಿ ಇರುತ್ತಿದ್ದರು.

ಸಿಂಧನೂರು ಕ್ಯಾಂಪ್
ಹಾಲಿ ಸಿಕ್ಕಾ ಅಂದರೇನು?

ಹಳೇ ಕಾಗದ
ನಿಜಾಮನ ರೂಪಾಯಿ. ಬ್ರಿಟಿಷರ ರೂಪಾಯಿಗೆ ಕಲ್ದಾರ ಅನ್ನುತ್ತಿದ್ದರು. 7 ಹಾಲಿ ಕೊಟ್ಟರೆ 6 ಕಲ್ದಾರ. ನಿಜಾಮ ಹೋದಮೇಲೂ 1959ರವರೆಗೆ ಚಲಾವಣೆಯಲ್ಲಿತ್ತು. ಮಾರಬೇಡಿ, ಮನೆಯಲ್ಲೇ ಇರಲಿ.

ಹುಲಿಗಿ ಭಕ್ತ
ಹಾಗಾದರೆ ಹೋದಾಗ 87-88. ತುಂಬು ಆಯುಸ್ಸೇ ಅಲ್ವಾ. ನೂರು ಯಾಕೆ ಬೇಕು?

ಆಯಿ ಮೊಮ್ಮಗಳು
ಅಣ್ಣಾ, ಟ್ರಂಕಿನಲ್ಲಿ ದೊಡ್ಡ ಮಾಮಾನ ಕಾಲೇಜು ಫೀ ರಸೀದಿ ಇತ್ತು ಅಂದೆ. ನಮ್ಮವ್ವನ ಸಾಲಿಯ ಕಾಗದ ಏನಾದರೂ ಇತ್ತಾ?

ಯಲಬುರ್ಗಾ ಮೊಮ್ಮಗ
ಇರಲಿಲ್ಲ ತಂಗೀ.

ಆಯಿ ಮೊಮ್ಮಗಳು
ಇರಲ್ಲ. ಮೂರನೆತ್ತೆಗೆ ಬಿಡಿಸಿದಳು. ದನ ಕಾಯೋಕೆ, ತಮ್ಮಂದಿರನ್ನ ಆಡಿಸೋಕೆ. ಬೋರಮಾಳ (ಕೊರಳಿನ ಬಂಗಾರದ ಸರ) ಮಾರಿ ಮಗನನ್ನ ರಾಯಚೂರಿಗೆ ಓದೋಕೆ ಕಳಿಸಿದಳು ಅಂತ ನೀನು ಬರೀತೀಯಾ, ನನಗೆ ಗೊತ್ತು. ಎಲ್ಲರೂ ಹೇಳುವ ಕಥೆ ಅದು. ಆ ಬೋರಮಾಳ ನಮ್ಮವ್ವನ ಮದುವೆಗೆ ಅಂತ ಇಟ್ಟಿದ್ದು. ಅದನ್ನೂ ಬರಿ.

ಬೆಂಗಳೂರಾಗ ಕೊಪ್ಪಳದವ
ಪುಣ್ಯಸ್ಮರಣೆ ಪುಸ್ತಕದಲ್ಲಿ ಇದೆಲ್ಲ ಬೇಕಾ ತಂಗೀ? ಹೋದವರ ಬಗ್ಗೆ ಒಳ್ಳೇದು ಬರೆಯೋದು ಪದ್ಧತಿ.

ಲಿಂಗಸುಗೂರು ಅಕ್ಕ
ಯಾಕೆ ಬೇಡ? ಒಳ್ಳೇದನ್ನೇ ಬರೆದರೆ ಎಲ್ಲರ ಆಯಿಯೂ ಒಂದೇ ಆಗುತ್ತಾಳೆ. ಹೆಸರು ಬದಲಿಸಿದರೆ ಯಾರ ಮನೆಗಾದರೂ ಹಂಚಬಹುದು.

ಮಾಸ್ತರ್ ಕುಷ್ಟಗಿ
ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೇ ಇತ್ತಮ್ಮಾ.

ಆಯಿ ಮೊಮ್ಮಗಳು
ಎಲ್ಲರ ಮನೆಯಲ್ಲೂ ಇತ್ತು ಸರ್. ಅದಕ್ಕೇ ಯಾರೂ ಬರೆಯಲ್ಲ. ನಾನು ಆಯಿ ಮೇಲೆ ಸಿಟ್ಟಿನಿಂದ ಹೇಳುತ್ತಿಲ್ಲ. ನಾನು ನರ್ಸಿಂಗ್ ಸೇರುವಾಗ ಸಂಧ್ಯಾ ಸುರಕ್ಷಾ ಪಿಂಚಣಿ ದುಡ್ಡು ಕೂಡಿಸಿಟ್ಟಿದ್ದನ್ನ ಪೂರಾ ತಂದು ನಮ್ಮವ್ವನ ಮುಂದೆ ಇಟ್ಟಳು. "ನಿನಗ ಮಾಡಿದ್ದು ತಪ್ಪು ಅಂತ ಹೇಳಾಕ ಬಂದಿಲ್ಲ, ಇಕಿನ್ನ ಓದಸು" ಅಂದಳು. ನಮ್ಮವ್ವ ದುಡ್ಡು ತಗೊಂಡಳು, ಮಾತಾಡಲಿಲ್ಲ. ಎರಡೂ ನಡೆದದ್ದೇ. ಬರೆದರೆ ಎರಡೂ ಬರೀರಿ, ಇಲ್ಲಾಂದರೆ ಬೋರಮಾಳದ ಕಥೆಯನ್ನೇ ಬಿಡಿ.

ಯಲಬುರ್ಗಾ ಮೊಮ್ಮಗ
ಎರಡೂ ಬರೆಯೋಣ. ಆ ಭಾಗ ನೀನೇ ಬರೆದು ಕಳಿಸು. ನಾನು ತಿದ್ದಲ್ಲ.

72ರ ಬರದ್ದು ನಾನು ಬರೆಯುತ್ತಿದ್ದೇನೆ. ಮುತ್ಯಾ ಹಾಸಿಗೆ ಹಿಡಿದಿದ್ದ. ಆಯಿ ಬರಗಾಲದ ಕಾಮಗಾರಿಗೆ ಕಲ್ಲು ಒಡೆಯೋಕೆ ಹೋಗುತ್ತಿದ್ದಳು. ಹೊಲ ಇದ್ದ ಮನೆಯ ಸೊಸೆ ಕಲ್ಲು ಒಡೀತಾಳೆ ಅಂತ ಭಾವಂದಿರು ಮಾತು ಬಿಟ್ಟರು. "ನೀವು ಜ್ವಾಳ ಕೊಡ್ರಿ, ನಾ ಮನ್ಯಾಗಿರ್ತೀನಿ" ಅಂದಳಂತೆ. ಜೋಳ ಬರಲಿಲ್ಲ, ಇವಳು ಕೆಲಸ ಬಿಡಲಿಲ್ಲ. ಮುತ್ಯಾ ಹೋದಮೇಲೆ ಬೇಸಾಯ ಪೂರ್ತಿ ಅವಳ ಕೈಗೆ ಬಂತು. ಕೂರಿಗೆ ಹಿಡಿಯೋದೊಂದು ಬಿಟ್ಟು ಎಲ್ಲ ಮಾಡಿದಳು. ಆಳಿಗೆ ಕೂಲಿ ಕೊಡೋದರಲ್ಲಿ ಮಹಾ ಜಿಪುಣಿ, ಊಟಕ್ಕೆ ಹಾಕೋದರಲ್ಲಿ ಧಾರಾಳಿ. ಇದನ್ನೂ ಬರೆಯುತ್ತೇನೆ.

ಕೊಪ್ಪಳ ಕಚೇರಿ ದಾರಿ
ಒಂದು ಎಚ್ಚರಿಕೆ. ಪುಸ್ತಕದಲ್ಲಿ ಏನಾದರೂ ಬರೆಯಿರಿ, ಮರಣ ಪ್ರಮಾಣಪತ್ರ ತಿದ್ದಿಸೋಕೆ ಮಾತ್ರ ಹೋಗಬೇಡಿ. ಪೌತಿ ಖಾತೆ (ಸತ್ತವರ ಜಮೀನು ವಾರಸುದಾರರ ಹೆಸರಿಗೆ ಮಾಡೋದು), ವಂಶವೃಕ್ಷ ಮಾಡಿಸುವಾಗ ಆಧಾರಿನಲ್ಲಿ ಒಂದು, ಅದರಲ್ಲಿ ಒಂದು ಇದ್ದರೆ ನಾಡಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ. ಕಾಗದದಲ್ಲಿ 93 ಹಾಗೇ ಇರಲಿ.

ರಾಯಚೂರು ರೊಟ್ಟಿ
ಅಲ್ಲಾ, ಪಿಂಚಣಿಗೆ 65 ಆದರೆ ಸಾಕಿತ್ತು. 2007ರಲ್ಲಿ ಆ ಯೋಜನೆ ಬಂದಾಗಲೇ ಆಯಿಗೆ 70 ಆಗಿತ್ತು. ವಯಸ್ಸು ಏರಿಸೋ ಅಗತ್ಯವೇ ಇರಲಿಲ್ಲವಲ್ಲ?

ಕೊಪ್ಪಳ ಕಚೇರಿ ದಾರಿ
ಅರ್ಜಿ ತುಂಬುವವರು ಮುಖ ನೋಡಿ ಬರೀತಾರೆ ಅಕ್ಕಾರ. ಬಿಸಿಲಲ್ಲಿ ದುಡಿದ ಮುಖಕ್ಕೆ ಐದಾರು ವರ್ಷ ಜಾಸ್ತಿಯೇ ಬೀಳುತ್ತದೆ.

ಬಳ್ಳಾರಿ ಬಿಸಿಲು
ಸರಿ, ದೊಡ್ಡಪ್ಪ ಏನಂದರು? ಅದು ಹೇಳಿ ಮೊದಲು. ಫ್ಲೆಕ್ಸ್ ಏನಾಯಿತು?

ಯಲಬುರ್ಗಾ ಮೊಮ್ಮಗ
ಕಾಗದ ತೋರಿಸಿದೆ. ಫಸಲಿ ಗಿಸಲಿ ನನಗೆ ಹೇಳಬೇಡ ಅಂದರು. ಸಣ್ಣಾಯಿ ರೆಕಾರ್ಡಿಂಗ್ ಕೇಳಿಸಿದೆ. ಚಿಂದಿ ಅರಿವೆ ಸುತ್ತಿದ ಮಾತು ಬಂದಾಗ ಸುಮ್ಮನಾದರು, ಎರಡು ಸಲ ಹಾಕಿಸಿಕೊಂಡು ಕೇಳಿದರು. ಆಮೇಲೆ ತಾವೇ ಲೆಕ್ಕ ಹಾಕಿ, ಹಾಗಾದರೆ ನನಗೂ ಅವ್ವಗೂ ಬರೀ ಹತ್ತೊಂಬತ್ತು ವರ್ಷ ಅಂತರ ಅಂದರು. ನಡುವೆ ಉಳಿಯದೆ ಹೋದದ್ದು ಒಂದಲ್ಲ, ಎರಡು ಅಂತ ದೊಡ್ಡವ್ವ ಹೇಳಿದಳು. ಅದು ದೊಡ್ಡಪ್ಪನಿಗೂ ಗೊತ್ತಿರಲಿಲ್ಲ.

ಒಪ್ಪಿದರು ಅಂತ ಹೇಳೋಕಾಗಲ್ಲ. "88 ಅಂತ ಹಾಕಿದರೆ ಮಂದಿ ನಗ್ತಾರ, ಇಷ್ಟು ವರ್ಷ ನೂರು ಅಂತ ಹೇಳಿಕೋಂತ ಬಂದೀನಿ" ಅಂದರು. ಕೊನೆಗೆ ಫ್ಲೆಕ್ಸಿನಲ್ಲಿ ವಯಸ್ಸೇ ಬೇಡ, ಫೋಟೊ ಇನ್ನೂ ದೊಡ್ಡದು ಮಾಡಿಸೋಣ ಅಂತ ಆಯಿತು. ಪುಸ್ತಕದಲ್ಲಿ "ಧಾತು ಸಂವತ್ಸರ, 1936-37ರ ಸುಮಾರು" ಅಂತ ಹಾಕುತ್ತೇನೆ. ಅದನ್ನ ಅವರು ಓದಲ್ಲ ಅನ್ನೋ ಧೈರ್ಯ.

ಆಯಿ ಮೊಮ್ಮಗಳು
ಓದುತ್ತಾನೆ. ಕನ್ನಡಕ ಹಾಕಿಕೊಂಡು ತಪ್ಪು ಹುಡುಕುತ್ತಾನೆ. ಉಳಿಯದ ಆ ಎರಡು ಕೂಸುಗಳನ್ನೂ ವಂಶವೃಕ್ಷದ ಪುಟದಲ್ಲಿ ಹಾಕಣ್ಣಾ, ಹೆಸರಿಲ್ಲದಿದ್ದರೂ.

ಯಲಬುರ್ಗಾ ಮೊಮ್ಮಗ
ಹಾಕಿದ್ದೇನೆ.

ಮಾಸ್ತರ್ ಕುಷ್ಟಗಿ
ಬೀಸುವ ಪದ ಮರೀಬೇಡ ತಮ್ಮಾ. ಸಣ್ಣಾಯಿಗೆ ಬರುತ್ತವೆ ಖಂಡಿತ. ಫೋನಿನಲ್ಲಿ ಬೇಡ, ಹೋಗಿ ಎದುರಿಗೆ ಕೂತು ಕೇಳು. ಸಾಧ್ಯವಾದರೆ ಬೀಸುಕಲ್ಲು ಮುಂದಿಡು. ಕೈ ತಿರುಗಿದರೆ ಬಾಯಿಗೆ ತಾನೇ ಬರುತ್ತದೆ.

ರಾಯಚೂರು ರೊಟ್ಟಿ
ಪುಣ್ಯಸ್ಮರಣೆಗೆ ಊಟಕ್ಕೇನು? ಕರೀತೀರಾ ನಮ್ಮನ್ನ?

ಯಲಬುರ್ಗಾ ಮೊಮ್ಮಗ
ಎಲ್ಲರೂ ಬನ್ನಿ. ಗೋಧಿ ಹುಗ್ಗಿ, ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಹಿಂಡಿ. ಹಿಂಡಿ ಆಯಿ ಮಾಡುತ್ತಿದ್ದ ಹಾಗೇ ಆಗಬೇಕು ಅಂತ ದೊಡ್ಡಪ್ಪನ ಹಟ. ಯಾರಿಗೂ ಅದು ಬರುತ್ತಿಲ್ಲ, ಕಹಿ ಆಗುತ್ತಿದೆ. ಯಾಕೆ?

ಲಿಂಗಸುಗೂರು ಅಕ್ಕ
ಗುರೆಳ್ಳು ಸೀದಿರುತ್ತದೆ. ಸಣ್ಣ ಉರಿಯಲ್ಲಿ ಹುರಿದು, ಚಟಪಟ ಅಂದ ಕೂಡಲೇ ಇಳಿಸಿ. ಆರಿದ ಮೇಲೆ ಕುಟ್ಟಿ, ಬಿಸಿಯಲ್ಲಿ ಅಲ್ಲ.

ಕೌದಿ ಮನಿ
ಬೆಳ್ಳುಳ್ಳಿ ಸಿಪ್ಪೆ ಸಮೇತ ಹಾಕಿ. ಮಿಕ್ಸಿ ಬೇಡವೇ ಬೇಡ.

ಆಯಿ ಮೊಮ್ಮಗಳು
ನಮ್ಮವ್ವಗೆ ಬರುತ್ತದೆ. ಎರಡು ದಿನ ಮೊದಲೇ ಕರೆಸಿಕೊಳ್ಳಿ. ದೊಡ್ಡ ಮಾಮಾನೇ ಫೋನ್ ಮಾಡಿ ಕರೀಬೇಕು, ನೀನಲ್ಲ.